ಹಿಮವಿಲ್ಲದ ಊರಿನ ಆಂಟಿಫ್ರೀಝ್

ಕಳೆದ ಮೇ ತಿಂಗಳಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಕೊಲ್ಹಾಪುರದಲ್ಲಿ ಊಟ ಮುಗಿಸಿ, ನಿಪ್ಪಾಣಿ ದಾಟಿ ತವಂದಿ ಘಾಟ್ ಏರುತ್ತಿರುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಸದ್ದಿಲ್ಲದೆ ಮೇಲೆ ಹೋಗಿ ಕೆಂಪು ಗೆರೆ ಮುಟ್ಟಿತು. ಗಾಡಿ ಬದಿಗೆ ಹಾಕಿ, ಮರದ ನೆರಳಲ್ಲಿ ಒಂದು ತಾಸು ಕೂತು, ಇಳಿಜಾರಿನಲ್ಲಿ ಮೆಲ್ಲಗೆ ನಿಪ್ಪಾಣಿಗೇ ವಾಪಸು ಬಂದೆವು. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ ತೋರಿಸಿದರು. ಬೆರಳಿಗೆ ಹತ್ತಿದ್ದು ಅಂಬಲಿಯಷ್ಟು ಮಂದವಾದ ಕಂದು ಲೋಳೆ.

"ಸರ, ಇದ್ರಾಗ ಎರಡ ನಮೂನಿ ಕೂಲಂಟ್ ಕೂಡ್ಯಾವ ನೋಡ್ರಿ. ಮೊದ್ಲ ಗುಲಾಬಿ ಇತ್ತು, ಮ್ಯಾಲ ಯಾರೋ ಹಸರ ಸುರವ್ಯಾರ."

ಯಾರೋ ಅಲ್ಲ, ನಾನೇ. ಎರಡು ತಿಂಗಳ ಹಿಂದೆ ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗಿದೆ ಎಂದು ರಸ್ತೆ ಬದಿಯ ಅಂಗಡಿಯಲ್ಲಿ ಸಿಕ್ಕ ಹಸಿರು ಕ್ಯಾನ್ ಕೊಂಡು, ಸಾಲದ್ದಕ್ಕೆ ಅಲ್ಲೇ ನಲ್ಲಿಯ ಬೋರ್‌ವೆಲ್ ನೀರನ್ನೂ ಸೇರಿಸಿ ತುಂಬಿಸಿದ್ದೆ. ರೇಡಿಯೇಟರ್ ಬಿಚ್ಚಿ ತೊಳೆಯುವುದಕ್ಕೆ ಒಂದೂವರೆ ದಿನ ಹಿಡಿಯಿತು. ಆ ಒಂದೂವರೆ ದಿನ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಎದುರಿನ ಕಪಾಟು ನೋಡುತ್ತಿದ್ದೆ. ಹಸಿರು, ಗುಲಾಬಿ, ನೀಲಿ, ಕಿತ್ತಳೆ ಬಣ್ಣದ ಕ್ಯಾನುಗಳು. ಒಂದೊಂದರ ಮೇಲೂ 'ಆಂಟಿಫ್ರೀಝ್' ಎಂಬ ಹೆಸರು. ಒಂದರ ಮೇಲಂತೂ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೆ ರಕ್ಷಣೆ ಎಂಬ ಭರವಸೆ. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು.

ಹೆಪ್ಪುಗಟ್ಟದಂತೆ ತಡೆಯುವ ದ್ರವವೊಂದು ಹಿಮವನ್ನೇ ಕಾಣದ ಊರಿಗೆ ಏಕೆ ಬಂತು? ಬಂದಮೇಲೆ ಒಂದೇ ಥರದ್ದಾಗಿ ಇರದೆ ಇಷ್ಟು ಬಣ್ಣ ಏಕೆ ತಳೆಯಿತು? ನನ್ನ ತಪ್ಪಿನ ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಸುಮಾರು 100 ವರ್ಷಗಳ ಒಂದು ಚರಿತ್ರೆ.

ನೀರು ಎಂಬ ಒಳ್ಳೆಯ ಆಳು

ಇಂಜಿನ್ ತಣಿಸುವುದಕ್ಕೆ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಗ್ಗ, ಎಲ್ಲೆಡೆ ಸಿಗುತ್ತದೆ, ತಾನು ಹೆಚ್ಚು ಬಿಸಿಯಾಗದೆ ಬಹಳಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಮೊದಲ ಕಾರುಗಳು ನೀರನ್ನೇ ನೆಚ್ಚಿದ್ದವು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ತನ್ನ ಗಂಡನಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಮೋಟಾರು ಗಾಡಿ ಓಡಿಸಿದ ಕಥೆ ಪ್ರಸಿದ್ಧ. ದಾರಿಯಲ್ಲಿ ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ. ಇಂಧನಕ್ಕಿಂತ ಹೆಚ್ಚು ಸಲ ಬೇಕಾದದ್ದು ನೀರು. ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿಯೇ ಇಂಜಿನ್ ತಣಿಯುತ್ತಿದ್ದುದರಿಂದ ಮತ್ತೆ ಮತ್ತೆ ನಿಲ್ಲಿಸಿ ತುಂಬಿಸಬೇಕಿತ್ತು. ಮುಂದೆ ನೀರನ್ನು ಗಾಳಿಗೊಡ್ಡಿ ತಣಿಸಿ ಮರಳಿ ಕಳಿಸುವ ರೇಡಿಯೇಟರ್ ಬಂದು ಈ ಕಷ್ಟ ತಪ್ಪಿತು.

ಇನ್ನೊಂದು ಕಷ್ಟ ಉಳಿಯಿತು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎರಕದ ಕಬ್ಬಿಣವೂ ಸೀಳುತ್ತದೆ. ಉತ್ತರ ಅಮೆರಿಕ, ಯುರೋಪಿನ ಚಳಿಗಾಲದ ಒಂದು ರಾತ್ರಿ ಮರೆತು ಹೊರಗೆ ಬಿಟ್ಟರೆ ಬೆಳಿಗ್ಗೆ ಇಂಜಿನ್ ಬಿರುಕು ಬಿಟ್ಟಿರುತ್ತಿತ್ತು. ಹಾಗಾಗಿ ಸಂಜೆ ರೇಡಿಯೇಟರ್ ಖಾಲಿ ಮಾಡುವುದು, ಬೆಳಿಗ್ಗೆ ಬಿಸಿನೀರು ಹೊಯ್ಯುವುದು ದಿನನಿತ್ಯದ ಕೆಲಸವಾಯಿತು. ಬಹಳ ಜನ ಚಳಿಗಾಲ ಪೂರ್ತಿ ಕಾರನ್ನೇ ಮುಚ್ಚಿಡುತ್ತಿದ್ದರು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ರೈತರ, ವೈದ್ಯರ, ಅಂಚೆಯವರ ಮನೆ ಸೇರಿದ ಮೇಲೆ ಕಾರನ್ನು ಮುಚ್ಚಿಡುವುದು ಆಗದ ಮಾತಾಯಿತು. ಜನ ಕೈಗೆ ಸಿಕ್ಕಿದ್ದನ್ನೆಲ್ಲ ರೇಡಿಯೇಟರ್‌ಗೆ ಹಾಕಿ ನೋಡಿದರು. ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು ಹೆಪ್ಪುಗಟ್ಟುವುದನ್ನು ತಡೆಯಿತು, ಆದರೆ ಲೋಹವನ್ನು ತಿಂದಿತು. ಸಕ್ಕರೆ, ಜೇನು ಹಾಕಿದವರಿಗೆ ಅಂಟು ಉಳಿಯಿತು. ಸೀಮೆಎಣ್ಣೆ ರಬ್ಬರ್ ಕೊಳವೆಗಳನ್ನು ಹಾಳು ಮಾಡಿತು, ಬೆಂಕಿಯ ಭಯ ಬೇರೆ. ಗ್ಲಿಸರಿನ್ ಚೆನ್ನಾಗಿತ್ತು, ಆದರೆ ತುಟ್ಟಿ, ಚಳಿಯಲ್ಲಿ ಮಂದ. ಕೊನೆಗೆ ಹೆಚ್ಚು ಬಳಕೆಗೆ ಬಂದದ್ದು ಆಲ್ಕೊಹಾಲ್, ಅದರಲ್ಲೂ ಮೆಥನಾಲ್. ಅದು ಸುಮಾರು 65 ಡಿಗ್ರಿಗೇ ಕುದಿಯುತ್ತದೆ. ಚಳಿಗಾಲದ ನಡುವೆ ಎರಡು ದಿನ ಬಿಸಿಲು ಬಂದರೆ, ಅಥವಾ ಒಂದು ದಿಬ್ಬ ಹತ್ತಿದರೆ, ರಕ್ಷಣೆ ಆವಿಯಾಗಿ ಹಾರಿ ಹೋಗಿರುತ್ತಿತ್ತು. ಮಾಲೀಕನಿಗೆ ಅದು ತಿಳಿಯುತ್ತಿದ್ದುದು ಮರುದಿನದ ಹಿಮದಲ್ಲಿ.

ಸಿಡಿಮದ್ದಿನಿಂದ ರೇಡಿಯೇಟರ್‌ಗೆ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿ ತಯಾರಿಸಿದ ಒಂದು ದ್ರವವಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸಿಹಿ. ಹೆಸರು ಎಥಿಲೀನ್ ಗ್ಲೈಕಾಲ್. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಬೇಕಾದ ಗ್ಲಿಸರಿನ್ ಸಾಲದೆ ಹೋದಾಗ ಜರ್ಮನಿ ಅದರ ಬದಲಿಗೆ ಗ್ಲೈಕಾಲ್ ಬಳಸಿತು. ಯುದ್ಧದ ನಂತರ ಅಮೆರಿಕದಲ್ಲಿ ಯೂನಿಯನ್ ಕಾರ್ಬೈಡ್ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1927ರಲ್ಲಿ 'ಪ್ರೆಸ್ಟೋನ್' ಎಂಬ ಹೆಸರಿನಲ್ಲಿ ಅದು ಕಾರು ಮಾಲೀಕರ ಕೈಗೆ ಬಂತು. ಜರ್ಮನಿಯಲ್ಲಿ 1929ರ ಹೊತ್ತಿಗೆ 'ಗ್ಲೈಸಾಂಟಿನ್' ಬಂತು. ಎರಡೂ ಹೆಸರುಗಳು ಇಂದಿಗೂ ಮಾರುಕಟ್ಟೆಯಲ್ಲಿವೆ.

ಗ್ಲೈಕಾಲ್‌ನ ಹೆಚ್ಚುಗಾರಿಕೆ ಅದರ ಕುದಿಯುವ ಬಿಂದು: 197 ಡಿಗ್ರಿ. ಬಿಸಿಲಿಗೆ ಹಾರಿಹೋಗುವ ಮಾತೇ ಇಲ್ಲ. ಅದಕ್ಕೇ ಅದನ್ನು 'ಪರ್ಮನೆಂಟ್' ಆಂಟಿಫ್ರೀಝ್ ಎಂದು ಕರೆದು ಮಾರಿದರು. ಇನ್ನೊಂದು ಸೋಜಿಗವೂ ಇದೆ. ಬರೀ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಅಷ್ಟೇ ನೀರು ಬೆರೆಸಿದರೆ ಆ ಬಿಂದು ಸುಮಾರು 37 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ನೀರಿನ ಕಣಗಳು ಸಾಲುಗಟ್ಟಿ ಮಂಜುಗಡ್ಡೆಯಾಗಲು ಗ್ಲೈಕಾಲ್ ಬಿಡುವುದಿಲ್ಲ, ಗ್ಲೈಕಾಲ್ ಸಾಲುಗಟ್ಟಲು ನೀರು ಬಿಡುವುದಿಲ್ಲ. ಕ್ಯಾನಿನ ಮೇಲಿನ 37ರ ಗುಟ್ಟು ಇದೇ.

ಈ ಬೆರಕೆಯ ಪಾಠವನ್ನು ವಿಮಾನಗಳೂ ಕಲಿತವು. ಸ್ಪಿಟ್‌ಫೈರ್, ಹರಿಕೇನ್ ಯುದ್ಧವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್‌ಗೆ ಮೊದಲು ಬರೀ ಗ್ಲೈಕಾಲ್ ಹಾಕುತ್ತಿದ್ದರು. ಅದು ಹೆಚ್ಚು ಬಿಸಿ ತಾಳುವುದರಿಂದ ರೇಡಿಯೇಟರ್ ಚಿಕ್ಕದಾಗಿದ್ದರೂ ಸಾಕು ಎಂಬ ಲೆಕ್ಕ. ಆದರೆ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಶಾಖ ಒಯ್ಯುವುದಿಲ್ಲ, ಸೋರಿದರೆ ಬೆಂಕಿ ಹಿಡಿಯಬಲ್ಲದು. ನಂತರ 70 ಪಾಲು ನೀರಿಗೆ 30 ಪಾಲು ಗ್ಲೈಕಾಲ್ ಸೇರಿಸಿ, ಇಡೀ ವ್ಯವಸ್ಥೆಯನ್ನು ಒತ್ತಡದಲ್ಲಿಟ್ಟರು. ಒತ್ತಡದಲ್ಲಿ ನೀರು ತಡವಾಗಿ ಕುದಿಯುತ್ತದೆ, ನಮ್ಮ ಪ್ರೆಶರ್ ಕುಕ್ಕರಿನ ಹಾಗೆ. ಬರ್ಮಾ ರಂಗದಲ್ಲಿ ಭಾರತೀಯ ವಾಯುಪಡೆಯ ಪೈಲಟ್‌ಗಳು ಹಾರಿಸಿದ ಹರಿಕೇನ್‌ಗಳಲ್ಲಿದ್ದುದೂ ಮರ್ಲಿನ್ ಇಂಜಿನ್ನೇ.

ಇಂದಿನ ಕಾರಿನ ರೇಡಿಯೇಟರ್ ಮುಚ್ಚಳ ಮಾಡುವ ಕೆಲಸವೂ ಇದೇ. ಮುಚ್ಚಳದೊಳಗೆ ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡವಿದ್ದರೆ ಬರೀ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ, ಗ್ಲೈಕಾಲ್ ಬೆರೆತರೆ ಇನ್ನೂ ಮೇಲೆ. ಬಿಸಿ ಇಂಜಿನ್‌ನ ಮುಚ್ಚಳ ತೆಗೆಯಬಾರದು ಎನ್ನುವುದು ಇದಕ್ಕೇ. ತೆಗೆದ ಕ್ಷಣ ಒತ್ತಡ ಇಳಿದು, ಅಷ್ಟೂ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ.

ನಿಜವಾದ ಔಷಧ ಕೆಲವೇ ಹನಿ

'ಪರ್ಮನೆಂಟ್' ಎಂಬ ಮಾತು ಬಹಳ ಕಾಲ ನಿಲ್ಲಲಿಲ್ಲ. ಬಿಸಿಗೂ ಗಾಳಿಗೂ ಸಿಕ್ಕಿದ ಗ್ಲೈಕಾಲ್ ನಿಧಾನವಾಗಿ ಆಮ್ಲವಾಗುತ್ತದೆ. ಆ ಆಮ್ಲ ಕಬ್ಬಿಣ, ತಾಮ್ರ, ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಹಿಮದಿಂದ ಇಂಜಿನ್ ಉಳಿಸಲು ಬಂದದ್ದೇ ತುಕ್ಕಿಗೆ ದಾರಿ ಮಾಡಿಕೊಟ್ಟಿತು. 1930ರ ದಶಕದಿಂದ ತಯಾರಕರು ಗ್ಲೈಕಾಲ್‌ಗೆ ತುಕ್ಕು ತಡೆಯುವ ರಾಸಾಯನಿಕಗಳನ್ನು ಸೇರಿಸತೊಡಗಿದರು. ಇವತ್ತಿಗೂ ಕ್ಯಾನಿನಲ್ಲಿ ಇವುಗಳ ಪಾಲು ನೂರಕ್ಕೆ ಕೆಲವೇ ಅಂಶ. ಆದರೆ ಒಂದು ಕೂಲಂಟ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಕೆಲವು ಅಂಶದಲ್ಲೇ ಇದೆ. ಗ್ಲೈಕಾಲ್ ಹೆಚ್ಚುಕಡಿಮೆ ಎಲ್ಲದರಲ್ಲೂ ಅದೇ.

'ಯಾವುದು ನನ್ನ ಗಾಡಿಗೆ ಸರಿ' ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ. 1959ರಲ್ಲಿ ಬ್ರಿಟನ್ ಆಂಟಿಫ್ರೀಝ್‌ಗೆ ಒಂದಲ್ಲ, ಮೂರು ಮಾನಕಗಳನ್ನು ಹೊರಡಿಸಿತು: ಒಂದರಲ್ಲಿ ಅಮೈನ್ ಫಾಸ್ಫೇಟ್, ಇನ್ನೊಂದರಲ್ಲಿ ಬೆಂಜೊಯೇಟ್ ಮತ್ತು ನೈಟ್ರೈಟ್, ಮೂರನೆಯದರಲ್ಲಿ ಬೋರಾಕ್ಸ್, ಅಂದರೆ ಬಿಳಿಗಾರ. ಒಂದು ಕಬ್ಬಿಣಕ್ಕೆ ಒಳ್ಳೆಯದು, ಇನ್ನೊಂದು ಅಲ್ಯೂಮಿನಿಯಂಗೆ. ಒಂದಕ್ಕೊಂದು ಬೆರೆಸುವಂತೆಯೂ ಇಲ್ಲ. ಅಮೈನ್ ಮತ್ತು ನೈಟ್ರೈಟ್ ಕೂಡಿದರೆ ನೈಟ್ರೋಸಮೈನ್ ಆಗುತ್ತದೆ, ಅವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು ಎಂಬುದು ಮುಂದೆ ತಿಳಿಯಿತು.

ಆಗ ನಮ್ಮಲ್ಲಿ ಈ ಗೊಂದಲವಿರಲಿಲ್ಲ. ಅಂಬಾಸಡರ್, ಫಿಯಟ್, ಲಾರಿ ಎಲ್ಲಕ್ಕೂ ನೀರು. ಘಟ್ಟದ ನೆತ್ತಿಯಲ್ಲಿ ಲಾರಿ ನಿಲ್ಲಿಸಿ, ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ ತಿರುವಿ, ಹಬೆ ಅಡಗಿದ ಮೇಲೆ ಡಬ್ಬದಿಂದ ನೀರು ಹೊಯ್ಯುತ್ತಿದ್ದ ಕ್ಲೀನರ್ ಹುಡುಗರನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ. ದಪ್ಪ ಕಬ್ಬಿಣದ ಇಂಜಿನ್‌ಗಳು ತುಕ್ಕು ಹಿಡಿಯುತ್ತಲೇ ವರ್ಷಗಟ್ಟಲೆ ಓಡಿದವು.

ಮೂರು ದೇಶದ ನೀರು, ಮೂರು ಪಾಕ

ಹಗುರವಾಗಲಿ, ಇಂಧನ ಉಳಿಯಲಿ ಎಂದು ಕಾರು ತಯಾರಕರು ಅಲ್ಯೂಮಿನಿಯಂ ಕಡೆ ತಿರುಗಿದಾಗ ಲೆಕ್ಕ ಬದಲಾಯಿತು. ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ, ಬೆಸುಗೆ ಎಲ್ಲವೂ ಒಂದೇ ದ್ರವದಲ್ಲಿ ಮುಳುಗಿರುವಾಗ ಯಾವುದನ್ನು ಯಾವುದರಿಂದ ಕಾಪಾಡುವುದು? ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿತು. ಆ ಉತ್ತರಗಳನ್ನು ತೀರ್ಮಾನಿಸಿದ್ದರಲ್ಲಿ ಆಯಾ ದೇಶದ ನಲ್ಲಿಯ ನೀರಿಗೂ ಪಾಲಿತ್ತು.

ಅಮೆರಿಕದವರು ಫಾಸ್ಫೇಟ್, ಬೋರೇಟ್, ಸಿಲಿಕೇಟ್ ಎಲ್ಲವನ್ನೂ ಸೇರಿಸಿದ ಹಸಿರು ದ್ರವ ಬಳಸಿದರು. ಯುರೋಪಿನ ಬಹಳ ಕಡೆ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಗಟ್ಟಿ ಹಕ್ಕಳೆಯಾಗಿ ರೇಡಿಯೇಟರ್ ಕೊಳವೆಗಳಲ್ಲಿ ಕೂರುತ್ತದೆ. ಆದ್ದರಿಂದ ಯುರೋಪಿನವರು ಫಾಸ್ಫೇಟ್ ಬಿಟ್ಟು ಸಿಲಿಕೇಟ್ ಉಳಿಸಿಕೊಂಡರು. ಜಪಾನಿನ ನೀರು ಮೆದು, ಅಲ್ಲಿ ಫಾಸ್ಫೇಟ್‌ನಿಂದ ತೊಂದರೆಯಿಲ್ಲ. ಆದರೆ ಸಿಲಿಕೇಟ್ ವಾಟರ್ ಪಂಪಿನ ಸೀಲುಗಳನ್ನು ಸವೆಸುತ್ತದೆ ಎಂದು ಜಪಾನಿನವರು ಅದನ್ನು ಬಿಟ್ಟು ಫಾಸ್ಫೇಟ್ ಉಳಿಸಿಕೊಂಡರು. ಒಬ್ಬರು ಬೇಡವೆಂದದ್ದು ಇನ್ನೊಬ್ಬರ ಪಾಕದ ಆಧಾರ.

ನಾಲ್ಕನೆಯ ದಾರಿ ಸಾವಯವ ಆಮ್ಲಗಳದ್ದು. ಸಿಲಿಕೇಟ್ ಇಂಜಿನ್‌ನ ಒಳಮೈಗೆಲ್ಲ ತೆಳು ಪದರ ಹಚ್ಚುತ್ತದೆ, ಹಾಗಾಗಿ ಬೇಗ ಖರ್ಚಾಗಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಸಾವಯವ ಆಮ್ಲದ ಲವಣಗಳು ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುತ್ತವೆ, ಅದಕ್ಕೆ ಐದು ವರ್ಷ ಬಾಳುತ್ತವೆ. ಅಮೆರಿಕದ ಜನರಲ್ ಮೋಟರ್ಸ್ 1990ರ ದಶಕದ ನಡುವಿನಲ್ಲಿ 'ಡೆಕ್ಸ್‌ಕೂಲ್' ಎಂಬ ಕಿತ್ತಳೆ ಬಣ್ಣದ ಇಂಥ ಕೂಲಂಟ್ ತಂದಿತು. ಕೆಲವು ಇಂಜಿನ್‌ಗಳಲ್ಲಿ ಗ್ಯಾಸ್ಕೆಟ್ ಸೋರಿಕೆ, ದ್ರವ ಕಡಿಮೆಯಾಗಿ ಗಾಳಿ ಹೊಕ್ಕ ಕಡೆ ಕಂದು ಕೆಸರು ಎಂಬ ದೂರುಗಳು ಬಂದವು. ಗ್ರಾಹಕರು ಸಾಮೂಹಿಕ ಮೊಕದ್ದಮೆ ಹೂಡಿದರು, ಕೊನೆಗೆ ಕಂಪನಿ ಪರಿಹಾರಕ್ಕೆ ಒಪ್ಪಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ನೀಲಿ ಹಸಿರು 'ಜಿ11' ಬಿಟ್ಟು ಕೆಂಪು 'ಜಿ12' ತಂದಿತು. ಎರಡನ್ನೂ ಬೆರೆಸಿದವರ ರೇಡಿಯೇಟರ್ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಹಳೆಯದರ ಜೊತೆ ಬೆರೆಯಬಲ್ಲ ನೇರಳೆ ಬಣ್ಣದ್ದನ್ನು ತರಬೇಕಾಯಿತು. ಮುಂದೆ ಬಂದ 'ಜಿ13'ರಲ್ಲಿ ಗ್ಲಿಸರಿನ್ ಸೇರಿತು. ಮಾಡೆಲ್ ಟಿ ಕಾಲದಲ್ಲಿ ತುಟ್ಟಿ ಎಂದು ಬಿಟ್ಟದ್ದು ಮತ್ತೆ ಬಾಗಿಲಿಗೆ ಬಂತು.

ಬಣ್ಣದ ಮಾತು ಇಲ್ಲೇ ಮುಗಿಸಬಹುದು. ಗ್ಲೈಕಾಲ್‌ಗೆ ಬಣ್ಣವಿಲ್ಲ, ತುಕ್ಕು ತಡೆಯುವ ಲವಣಗಳಿಗೂ ಇಲ್ಲ. ಕ್ಯಾನಿನ ಬಣ್ಣ ಸೋರಿಕೆ ಕಾಣಲಿ, ನೀರೆಂದು ಯಾರೂ ಭ್ರಮಿಸದಿರಲಿ ಎಂದು ತಯಾರಕ ಹಾಕುವ ರಂಗು. ಎಲ್ಲರೂ ಒಪ್ಪಬೇಕಾದ ನಿಯಮವೇ ಇಲ್ಲ. ಒಂದು ಕಂಪನಿಯ ಹಸಿರು ಹಳೆಯ ಸಿಲಿಕೇಟ್ ಪಾಕವಾದರೆ ಇನ್ನೊಂದರ ಹಸಿರು ಸಾವಯವ ಆಮ್ಲದ್ದಿರಬಹುದು.

ಎಲ್ಲ ಪಾಕವೂ ಒಂದೇ ಕಪಾಟಿನಲ್ಲಿ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜಪಾನಿನ ಪದ್ಧತಿ ನಮ್ಮ ಬೀದಿಗಿಳಿಯಿತು. 1990ರ ದಶಕದಲ್ಲಿ ಕೊರಿಯಾ, ಅಮೆರಿಕದ ಕಂಪನಿಗಳು ಬಂದವು, ಹಿಂದೆಯೇ ಜರ್ಮನಿಯವು. ಒಂದೊಂದೂ ತನ್ನ ದೇಶದ ಪಾಕವನ್ನು ಜೊತೆಗೆ ತಂದಿತು. ಅಲ್ಲಿ ಬೇರೆ ಬೇರೆ ದೇಶಗಳಲ್ಲಿದ್ದ ದ್ರವಗಳು ಇಲ್ಲಿ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತವು. ನಮ್ಮದೇ ಆದ ಒಂದು ಪದಾರ್ಥವೂ ಸೇರಿತು: ಬೋರ್‌ವೆಲ್ ನೀರು. ದಖ್ಖನಿನ ಬಹಳ ಊರುಗಳಲ್ಲಿ ಅದು ಪಾತ್ರೆಯ ತಳದಲ್ಲಿ ಬಿಳಿ ಕಲೆ ಬಿಡುವಷ್ಟು ಗಡಸು. ಮೆದು ನೀರಿನ ದೇಶದ ಫಾಸ್ಫೇಟ್ ಕೂಲಂಟ್‌ಗೆ ಅದನ್ನು ಬೆರೆಸುವುದೆಂದರೆ, ಯುರೋಪಿನವರು ತಪ್ಪಿಸಿಕೊಂಡ ಹಕ್ಕಳೆಯನ್ನು ನಾವೇ ಕರೆದು ಕೂರಿಸಿದಂತೆ. ನನ್ನ ರೇಡಿಯೇಟರ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ.

ಹಿಮವಿಲ್ಲದಿದ್ದರೂ ಕೂಲಂಟ್ ಬೇಕೇ ಎಂದರೆ, ಬೇಕು. ಚೆನ್ನೈ, ಹೈದರಾಬಾದ್, ಮುಂಬೈಯಲ್ಲಿ ಅದು ಮಾಡುವ ಕೆಲಸ ತುಕ್ಕು ತಡೆಯುವುದು ಮತ್ತು ಕುದಿಯುವ ಬಿಂದುವನ್ನು ಏರಿಸುವುದು. ದೆಹಲಿಯಿಂದ ಲೇಹ್‌ಗೆ ಹೋಗುವವರಿಗೆ ಅದರ ಮೂಲ ಕೆಲಸವೂ ನೆನಪಿರಬೇಕು. ಅಲ್ಲಿಯ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಎರಡೂ ಕಡೆಯಿಂದ ಪೆಟ್ಟು.

ಈ ದ್ರವದ ಇನ್ನೊಂದು ಗುಣ ಹೇಳದೆ ಮುಗಿಸುವಂತಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಹೊಟ್ಟೆ ಸೇರಿದರೆ ದೇಹವೇ ಅದನ್ನು ಆಕ್ಸಾಲಿಕ್ ಆಮ್ಲವಾಗಿ ಬದಲಿಸಿ, ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಅದರ ದಾಯಾದಿ ಡೈಎಥಿಲೀನ್ ಗ್ಲೈಕಾಲ್ 1937ರಲ್ಲಿ ಅಮೆರಿಕದಲ್ಲಿ ಒಂದು ಔಷಧದ ಮೂಲಕ 100ಕ್ಕೂ ಹೆಚ್ಚು ಜನರನ್ನು ಕೊಂದಿತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಎಂದು ಕೊಟ್ಟದ್ದರಲ್ಲಿ ಅದು ಬೆರೆತಿದ್ದು 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ತನಿಖೆ ನಡೆಸಿದ್ದು ಆ ಪ್ರಕರಣವನ್ನೇ. ಮುಂಬೈಯ ಹಳಬರಿಗೆ ನೆನಪಿರಬಹುದು. ಕ್ಯಾಲಿಫೋರ್ನಿಯಾ 2002ರಲ್ಲಿ ಆಂಟಿಫ್ರೀಝ್‌ಗೆ ಕಹಿ ಪದಾರ್ಥ ಸೇರಿಸುವುದನ್ನು ಕಡ್ಡಾಯ ಮಾಡಿತು. ಮಕ್ಕಳೂ ನಾಯಿಗಳೂ ಸಿಹಿಗೆ ಮರುಳಾಗಬಾರದೆಂದು. ನಮ್ಮ ಮಟ್ಟಿಗೆ ಇಷ್ಟು ಸಾಕು: ಉಳಿದ ಕೂಲಂಟನ್ನು ಎಂದೂ ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡಬೇಡಿ, ಹಳೆಯದನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿಗೆ ಕೊಡಿ.

ಹಾಗಾದರೆ ಕಪಾಟಿನ ಮುಂದೆ ನಿಂತು ಯಾವುದನ್ನು ಎತ್ತಿಕೊಳ್ಳುವುದು? ಮೊದಲು ನಿಮ್ಮ ಗಾಡಿಯ ಕೈಪಿಡಿ ತೆರೆಯಿರಿ. ಅಲ್ಲಿ ಬಣ್ಣದ ಜೊತೆ ಒಂದು ಮಾನಕದ ಹೆಸರೋ ಸಂಖ್ಯೆಯೋ ಇರುತ್ತದೆ. ಅದೇ ಹೆಸರು ಕ್ಯಾನಿನ ಹಿಂಭಾಗದಲ್ಲಿ ಇದೆಯೇ ನೋಡಿ. ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234, ಅಮೆರಿಕದ ಎಎಸ್‌ಟಿಎಂ ಡಿ 3306 ನೀವು ಹೆಚ್ಚಾಗಿ ಕಾಣುವಂಥವು. ನೀರು ಬೆರೆಸಿಯೇ ಬರುವ ಕ್ಯಾನ್ ಆದರೆ ಹಾಗೇ ಹಾಕಿ. ಕಾನ್ಸಂಟ್ರೇಟ್ ಆದರೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಡೀಸೆಲ್ ಲಾರಿ, ಬಸ್ ಇಟ್ಟವರು ಭಾರೀ ವಾಹನಕ್ಕೆಂದೇ ಮಾಡಿದ್ದನ್ನು ಕೊಳ್ಳಬೇಕು. ಆ ಇಂಜಿನ್‌ಗಳ ಸಿಲಿಂಡರ್ ಲೈನರ್ ಅದುರುವಾಗ ಏಳುವ ಗುಳ್ಳೆಗಳು ಒಡೆದು ಲೋಹದಲ್ಲಿ ಗುಳಿ ಬೀಳಿಸುತ್ತವೆ, ಅದನ್ನು ತಡೆಯುವ ಪಾಕವೇ ಬೇರೆ. ಒಳಗೆ ಯಾವುದಿದೆ ಎಂದು ಗೊತ್ತಿಲ್ಲದಿದ್ದರೆ ಮೇಲೆ ತುಂಬಿಸದೆ, ಎಲ್ಲ ತೆಗೆದು ತೊಳೆದು ಹೊಸದು ಹಾಕಿಸುವುದು ಕ್ಷೇಮ. ದಾರಿಯಲ್ಲಿ ಸಿಕ್ಕಿಬಿದ್ದು ಏನೂ ಸಿಗದಿದ್ದರೆ, ಗುರುತಿಲ್ಲದ ಕ್ಯಾನಿಗಿಂತ ಬಾಟಲಿಯ ಕುಡಿಯುವ ನೀರು ವಾಸಿ. ಊರು ಮುಟ್ಟಿದ ಮೇಲೆ ಬದಲಿಸಿಬಿಡಿ.

ಎರಡನೆಯ ದಿನ ಮಧ್ಯಾಹ್ನ ಗಾಡಿ ಸಿದ್ಧವಾಯಿತು. ನಿಪ್ಪಾಣಿಯ ಆ ಮೆಕ್ಯಾನಿಕ್ ಹೊಸ ಕ್ಯಾನಿನ ಹಿಂಭಾಗ ನನಗೆ ಓದಿಸಿ, ಕೈಪಿಡಿಯ ಪುಟಕ್ಕೆ ತಾಳೆ ಹಾಕಿಸಿ, ಆಮೇಲೆ ಸುರಿದರು. ದುಡ್ಡು ಎಣಿಸುವಾಗ ಹೇಳಿದರು:

"ಬಣ್ಣ ನೋಡಿ ಹಾಕಬ್ಯಾಡ್ರಿ ಸರ. ಹಿಂದ ಬರದದ್ದ ಓದಿ ಹಾಕ್ರಿ."

ಈಗ ಕ್ಯಾನಿನ ಹಿಂಭಾಗದ ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿದ್ದೇನೆ. ಮುಂದಿನ ಸಲ ಯಾವ ಊರಿನ ಯಾರು ಮುಚ್ಚಳ ತೆಗೆದರೂ ಮೊದಲು ಅದು ಕಣ್ಣಿಗೆ ಬೀಳಲಿ ಎಂದು.